ಜ್ವರವೂ ಸೂಟಿಯೂ

ಜ್ವರ ಬಂದಾಗ ಮನುಷ್ಯನಿಗೆ ಎರಡು ಬಗೆಯ ತಾಪಗಳು ತಟ್ಟುವವು. ಒಂದು ಶರೀರದ ತಾಪವು; ಅದಕ್ಕೆ ಕಷಾಯವುಂಟು, ಗುಳಿಗೆಯುಂಟು, ಮೂರೋ ನಾಲ್ಕೋ ದಿನಗಳ ಅವಧಿಯುಂಟು. ಮತ್ತೊಂದು, ‘ಈ ಹೊತ್ತು ಕೆಲಸಕ್ಕೆ ಬರಲಾರೆ’ ಎಂದು ಮೇಲಿನವರಿಗೆ ತಿಳಿಸಬೇಕಾದವನ ಮನಸ್ಸಿನ ತಾಪವು. ಇದಕ್ಕೆ ವೈದ್ಯಗ್ರಂಥಗಳಲ್ಲಿ ಹೆಸರಿಲ್ಲ. ಆದರೆ ನೌಕರಿ ಮಾಡಿ ಉಣ್ಣುವ ಮನೆಗಳಲ್ಲಿ ಇದನ್ನರಿಯದವರು ವಿರಳ. ಮೊದಲನೆಯದು ಇಳಿದ ಮೇಲೆಯೂ ಎರಡನೆಯದು ಇಳಿಯದೆ, ಹಾಸಿಗೆ ಬಿಟ್ಟೆದ್ದವನ ಸಂಗಡ ಕಚೇರಿಯ ಬಾಗಿಲ ವರೆಗೂ ನಡೆದು ಬರುವದು.

ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಶಾಲೆಯ ಮಾಸ್ತರರೊಬ್ಬರಿಗೆ ಮಳೆಗಾಲದ ಒಂದು ರಾತ್ರಿ ಜ್ವರ ಬಂದಿತೆಂದು ಇಟ್ಟುಕೊಳ್ಳಬಹುದು. ಹೆಂಡತಿಯು ಹಣೆಯ ಮೇಲೆ ಕೈಯಿಟ್ಟು, “ಮೈ ಕೆಂಡ ಆಗೇದ. ನಾಳೆ ಸಾಲಿಗೆ ಹೋಗೂದು ಬ್ಯಾಡ್ರಿ” ಎನ್ನುವಳು. “ಏಳನೇತ್ತೆ ಹುಡುಗರನ್ನ ಯಾರು ನೋಡತಾರ?” ಎಂದು ಮಾಸ್ತರರ ಉತ್ತರ. ನಿಜವಾಗಿ ಅವರ ಚಿಂತೆಯು ಹುಡುಗರದಲ್ಲ. ಹೋದ ತಿಂಗಳು ಸೋದರಳಿಯನ ಮದುವೆಗೆಂದು ಎರಡು ದಿನ ಸೂಟಿ ಪಡೆದದ್ದು ನೆನಪಿಗೆ ಬಂದಿದೆ. ತಮ್ಮ ತರಗತಿಯನ್ನೂ ಕೂಡಿಸಿಕೊಂಡು ನಡೆಸಬೇಕಾಗುವ ಜೊತೆಗಾರರ ಮೋರೆ ಕಣ್ಣ ಮುಂದೆ ನಿಂತಿದೆ.

ಬೆಳಗಾಗುತ್ತಲೆ ಅವರು ಹೆಡ್ಮಾಸ್ತರರಿಗೆ ಫೋನು ಮಾಡುವರು. ಆಗೊಂದು ವಿಚಿತ್ರವು ನಡೆಯುವದು. ನಿಜವಾಗಿಯೂ ಜ್ವರದಿಂದ ಬಳಲುತ್ತಿರುವ ಆ ಮನುಷ್ಯನು, ಮಾತಾಡುವ ಮೊದಲು ಒಮ್ಮೆ ಕೆಮ್ಮಿ, ಇದ್ದುದಕ್ಕಿಂತ ಕ್ಷೀಣವಾದ ದನಿಯನ್ನು ತಂದುಕೊಳ್ಳುವನು. ಸತ್ಯವು ತನ್ನಷ್ಟಕ್ಕೆ ನಂಬಿಕೆಗೆ ಸಾಲದೆಂದು ಅದಕ್ಕೆ ಸ್ವಲ್ಪ ನಾಟಕವನ್ನು ಬೆರೆಸುವನು! ಅತ್ತಲಿಂದ ‘ಆಗಲಿ’ ಎಂಬ ಉತ್ತರವು ಬರುವದು. ಈ ಮೂರು ಅಕ್ಷರಗಳಿಗೆ ಮಾಸ್ತರರು ಮಧ್ಯಾಹ್ನದ ವರೆಗೆ ಭಾಷ್ಯವನ್ನು ರಚಿಸುವರು. ಅದು ಅನುಕಂಪದ ‘ಆಗಲಿ’ಯೋ, ಅಸಮಾಧಾನದ್ದೋ, ‘ನೋಡಿಕೊಳ್ಳುತ್ತೇನೆ’ ಎಂಬ ಧ್ವನಿಯುಳ್ಳದ್ದೋ? ಸಂಜೆಗೆ ಮೈ ಹಗುರಾಗಿ ಹೊಳೆಯ ಗಾಳಿಗೆ ಕಟ್ಟೆಯ ಮೇಲೆ ಕೂಡಬೇಕೆನಿಸಿದರೂ ಹೊರಗೆ ಬರಲು ಧೈರ್ಯವಿಲ್ಲ, ಯಾರಾದರೂ ಕಂಡರೆ? ರಜೆ ಪಡೆದವನಿಗೆ ಬೇಗ ಗುಣವಾಗುವದೂ ಒಂದು ಅಪರಾಧವೇ ಆಗಿಬಿಡುವದು.

ಇದಕ್ಕೆಲ್ಲ ಮೂಲವೇನು? ನ್ಯಾಯಶಾಸ್ತ್ರದವರು ಸುಖದುಃಖಗಳನ್ನು ಮಾನಸಪ್ರತ್ಯಕ್ಷವೆಂದು ಕರೆಯುವರು. ಅವನವನ ನೋವು ಅವನವನಿಗೆ ಮಾತ್ರ ಪ್ರತ್ಯಕ್ಷ. ಉಳಿದವರು ಅದನ್ನು ಊಹಿಸಿಯೇ ತಿಳಿಯಬೇಕು. ನೋವಿಗೆ ಸಾಕ್ಷಿಯಿಲ್ಲದ್ದರಿಂದ ರೋಗಿಯು ತನ್ನ ವಿಷಯದಲ್ಲಿ ತಾನೇ ವಕೀಲನಾಗಿ ನಿಲ್ಲಬೇಕಾಗುವದು. ವೈದ್ಯರ ಪ್ರಮಾಣಪತ್ರವೆಂಬುದು ಹುಟ್ಟಿದ್ದು ಈ ಕೊರತೆಯನ್ನು ತುಂಬುವದಕ್ಕಾಗಿಯೇ.

ಹಿಂದಿನ ಪಾಠಶಾಲೆಗಳಲ್ಲಿ ವಿಶ್ರಾಂತಿಗೆ ಯಾರನ್ನೂ ಬೇಡಬೇಕಾಗಿರಲಿಲ್ಲ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿವೆ, ಅಮಾವಾಸ್ಯೆಗಳು ಅನಧ್ಯಾಯದ ದಿನಗಳು. ಪಾಣಿನಿಯು ಸಿಂಹದ ಬಾಯಿಗೆ ಸಿಕ್ಕಿದ ತಿಥಿಯೆಂದು ವೈಯಾಕರಣರು ತ್ರಯೋದಶಿಯಂದೂ ಪಾಠವನ್ನು ನಿಲ್ಲಿಸುತ್ತಿದ್ದರು. ಈ ಭಾಗದ ಒಕ್ಕಲಿಗನು ಸೋಮವಾರ ಎತ್ತಿಗೆ ನೊಗ ಹೂಡದಿರುವ ಸಂಪ್ರದಾಯವೂ ಅಂಥದೇ. ಎತ್ತು ತನ್ನ ದಣಿವನ್ನು ರುಜುಪಡಿಸಬೇಕಾಗಿಲ್ಲ. ವಾರ ಬಂದರೆ ಸಾಕು. ಆದರೆ ರೋಗವು ಪಂಚಾಂಗವನ್ನು ನೋಡಿ ಬರುವದಿಲ್ಲ. ಆದುದರಿಂದಲೇ ರೋಗಿಯ ಬಿಡುವು ಇನ್ನೊಬ್ಬರ ವಿಶ್ವಾಸವನ್ನು ಅವಲಂಬಿಸಿ ನಿಲ್ಲುವದು. ವಿಶ್ವಾಸವನ್ನು ಬೇಡುವವನ ಮನಸ್ಸು ಸಾಲಗಾರನ ಮನಸ್ಸಿನಂತೆ ಕುಗ್ಗುವದು.

ಸಾಲಗಾರನ ಚಿಂತೆ ಎಂದೊಡನೆ ಗಲಗಲಿಯವರಿಗೆ ತಮ್ಮ ಊರ ಋಷಿಯ ಕಥೆಯು ನೆನಪಾಗಬೇಕು. ಈ ಕ್ಷೇತ್ರವು ಗಾಲವ ಮಹರ್ಷಿಯ ತಪೋಭೂಮಿಯೆಂದು ಪ್ರತೀತಿ. ಮಹಾಭಾರತದ ಉದ್ಯೋಗಪರ್ವದಲ್ಲಿ ಬರುವ ಗಾಲವನು ವಿಶ್ವಾಮಿತ್ರನ ಶಿಷ್ಯನು. ಗುರುವು ಬೇಡವೆಂದರೂ ಕೇಳದೆ, ದಕ್ಷಿಣೆ ಏನು ಕೊಡಲೆಂದು ಮತ್ತೆ ಮತ್ತೆ ಪೀಡಿಸಿದನು. ಗುರುವು ಸಿಟ್ಟಿಗೆದ್ದು, ಒಂದು ಕಿವಿ ಮಾತ್ರ ಕಪ್ಪಾಗಿದ್ದು ಮೈಯೆಲ್ಲ ಬೆಳದಿಂಗಳಿನಂತಿರುವ 800 ಕುದುರೆಗಳನ್ನು ತಾ ಎಂದನು. ಅಂದಿನಿಂದ ಗಾಲವನು ಕೂಡಲಾರದೆ, ಮಲಗಲಾರದೆ, ಉಣ್ಣಲಾರದೆ ಚಿಂತೆಯಿಂದ ಎಲುಬುತೊಗಲಾದನು. ಮೇಲಿನವರ ಋಣದ ಚಿಂತೆಯು ಮನುಷ್ಯನನ್ನು ಏನು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನವು ಬೇಕಿಲ್ಲ.

ಆದರೆ ಆ ಋಣವು ತೀರಿದ ಬಗೆಯು ಇನ್ನೂ ವಿಚಾರಾರ್ಹವಾದದ್ದು. ಗಾಲವನು ಯಯಾತಿಯನ್ನು ಬೇಡಿದನು. ಕುದುರೆಗಳಿಲ್ಲದ ಆ ಅರಸನು ತನ್ನ ಮಗಳು ಮಾಧವಿಯನ್ನು ಕೊಟ್ಟನು. ಆಕೆಯನ್ನು ಮೂವರು ಅರಸರ ಬಳಿಗೆ ಒಬ್ಬರಾದ ಮೇಲೊಬ್ಬರಂತೆ ಒಯ್ದು, ಒಬ್ಬೊಬ್ಬರಿಗೂ ಒಂದೊಂದು ಮಗುವನ್ನು ಹೆತ್ತುಕೊಡಿಸಿ, ಇನ್ನೂರಿನ್ನೂರರಂತೆ 600 ಕುದುರೆಗಳನ್ನು ಗಳಿಸಲಾಯಿತು. ಉಳಿದ ಇನ್ನೂರಕ್ಕೆ ಬದಲಾಗಿ ವಿಶ್ವಾಮಿತ್ರನೇ ಆಕೆಯನ್ನು ಸ್ವೀಕರಿಸಿದನು. ಚಿಂತೆಯು ಗಾಲವನದು, ಅದನ್ನು ತೀರಿಸಿದ ದೇಹವು ಮಾಧವಿಯದು. ಕೊನೆಗೆ ತಂದೆಯು ಸ್ವಯಂವರವನ್ನು ಏರ್ಪಡಿಸಿದಾಗ ಆಕೆಯು ಯಾವ ವರನನ್ನೂ ನೋಡದೆ ವನವನ್ನೇ ವರಿಸಿದಳು.

ನೌಕರಿಯ ಲೋಕದಲ್ಲಿ ಈ ಋಣವನ್ನು ಹಕ್ಕಾಗಿ ಮಾರ್ಪಡಿಸುವದಕ್ಕೆ ಬಹುಕಾಲ ಹಿಡಿಯಿತು. 1883ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲಕ್ಕೆ ಕೂಲಿಕಾರರ ಅನಾರೋಗ್ಯದ ವಿಮೆಯ ಕಾಯದೆಯಾಯಿತು. ಕಾಯಿಲೆ ಬಿದ್ದವನಿಗೆ 13 ವಾರಗಳ ವರೆಗೆ ಹಣ ದೊರೆಯುವ ಏರ್ಪಾಡು ಅದರಲ್ಲಿತ್ತು. ಭಾರತದಲ್ಲಿ 1948ರಲ್ಲಿ ಕಾರ್ಮಿಕರ ರಾಜ್ಯವಿಮಾ ಕಾಯದೆಯು ಆಗಿ, 1952ರ ಫೆಬ್ರುವರಿಯಲ್ಲಿ ಯೋಜನೆಯು ಕಾನಪುರದಲ್ಲಿ ಆರಂಭವಾಯಿತು. ಕಾಲಕ್ರಮದಲ್ಲಿ ಅದರಿಂದ ವರ್ಷಕ್ಕೆ 91 ದಿನಗಳ ವರೆಗೆ ಕೂಲಿಯ ಶೇಕಡಾ 70ರಷ್ಟು ದೊರೆಯುವಂತಾಯಿತು. ಆ ನೆರವನ್ನು ಪಡೆಯುತ್ತಿರುವ ಕಾಲದಲ್ಲಿ ಮಾಲಕನು ಕಾರ್ಮಿಕನನ್ನು ತೆಗೆದುಹಾಕಕೂಡದೆಂದೂ ಆ ಕಾಯದೆಯು ವಿಧಿಸಿತ್ತು. ಸರಕಾರದ ಶಿಕ್ಷಕರಿಗಾದರೋ ಸಾಂದರ್ಭಿಕ ರಜೆಯುಂಟು, ಅರ್ಧಪಗಾರದ ರಜೆಯುಂಟು, ವೈದ್ಯರ ಪತ್ರವಿದ್ದರೆ ಅದನ್ನು ಪೂರ್ಣಪಗಾರದ್ದಾಗಿ ಪರಿವರ್ತಿಸಿಕೊಳ್ಳುವ ದಾರಿಯುಂಟು. ಇಷ್ಟಿದ್ದೂ ಮಾಸ್ತರರು ಚಿಂತಿಸುವರು, ನಿಜ. ಆದರೆ ಅವರ ಚಿಂತೆಯು ಚಿಂತೆಯಾಗಿಯೇ ಮುಗಿಯುವದು. ಮರುದಿನ ಶಾಲೆಗೆ ಹೋದರೆ ಹುಡುಗರು ಎಂದಿನಂತೆಯೇ ಗದ್ದಲ ಮಾಡುತ್ತಿರುವರು, ಹೆಡ್ಮಾಸ್ತರರು “ಹ್ಯಾಂಗದೀರಿ?” ಎಂದು ಕೇಳಿ ತಮ್ಮ ಕಾಗದಗಳ ಕಡೆಗೆ ಹೊರಳುವರು. ಪಗಾರವು ತಿಂಗಳ ಕೊನೆಗೆ ಬಂದೇ ಬರುವದು.

ಕಾಯದೆಯ ನೆರಳು ಬೀಳದ ಕಡೆಯಲ್ಲಿ ಏನಾಗುವದೆಂಬುದೇ ಮುಖ್ಯ ಪ್ರಶ್ನೆಯು. ರಬಕವಿ-ಬನಹಟ್ಟಿಗಳಲ್ಲಿ ಮನೆಯೊಳಗೆ ಮಗ್ಗವಿಟ್ಟುಕೊಂಡು ಕೂಲಿಗೆ ಸೀರೆ ನೇಯುವವನು ಯಾರಿಗೆ ರಜಾಚೀಟಿ ಬರೆಯಬೇಕು? ಅವನಿಗೆ ಜ್ವರ ಬಂದದ್ದನ್ನು ಓಣಿಯು ಮಗ್ಗದ ಸಪ್ಪಳ ನಿಂತದ್ದರಿಂದಲೇ ತಿಳಿಯುವದು. ಹಾಸಿದ ಹಾಸು ಹಾಸಿದಂತೆಯೇ ಇರುವದು. ನೇಯದ ಸೀರೆಗೆ ಕೂಲಿಯಿಲ್ಲ. ಅವನ ಕಾಯಿಲೆಯನ್ನು ಯಾರೂ ಸುಳ್ಳೆನ್ನುವದಿಲ್ಲ, ಆದರೆ ಅದು ಯಾರಿಗೂ ಸಂಬಂಧಿಸಿದ್ದೂ ಅಲ್ಲ.

ಇದಕ್ಕಿಂತಲೂ ಕಠಿಣವಾದ ಸ್ಥಿತಿಯು ಕಬ್ಬಿನ ಗದ್ದೆಗಳಲ್ಲಿರುವದು. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಹತ್ತಿರ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು, ಕೃಷ್ಣೆಗೆ ಬ್ಯಾರೇಜು ಕಟ್ಟಿದ ಕೀರ್ತಿಯು ಎಲ್ಲರಿಗೂ ತಿಳಿದದ್ದೇ. ನೀರು ನಿಂತಲ್ಲಿ ಕಬ್ಬು ನಿಂತಿತು. ಕಬ್ಬು ನಿಂತಲ್ಲಿ ಅದನ್ನು ಕಡಿಯುವ ಕೈಗಳು ಬೇಕಾದವು. ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಪ್ರತಿ ಹಂಗಾಮಿನಲ್ಲಿಯೂ ಗಂಡಹೆಂಡಿರ ಜೋಡಿಗಳು ಆ ರಾಜ್ಯದ ಪಶ್ಚಿಮ ಜಿಲ್ಲೆಗಳಿಗೂ ಕರ್ನಾಟಕದ ಕಬ್ಬಿನ ಸೀಮೆಗೂ ಹೊರಡುವವು. ಹೊರಡುವ ಮೊದಲೇ ಮುಕದ್ದಮನಿಂದ ಮುಂಗಡ ಹಣವನ್ನು ಪಡೆದಿರುವರು. ಹೀಗೆ ಸಾಲ ಮೊದಲು, ದುಡಿಮೆ ಆಮೇಲೆ. ಒಂದು ದಿನ ಕೆಲಸ ತಪ್ಪಿದರೆ ಕೂಲಿ ಹೋಗುವದಷ್ಟೇ ಅಲ್ಲ, ದಂಡವೂ ಬೀಳುವದು. 2019ರಲ್ಲಿ ಪತ್ರಿಕೆಗಳು ವರದಿ ಮಾಡಿದಂತೆ ಅದು ದಿನಕ್ಕೆ 500 ರೂಪಾಯಿ. ಆ ವರ್ಷ ಮಹಾರಾಷ್ಟ್ರ ಸರಕಾರವು ನೇಮಿಸಿದ ಸಮಿತಿಯ ಮುಂದೆ ಬಂದ ಅಂಕಿಗಳು ಇಂತಿವೆ: ಬೀಡ ಜಿಲ್ಲೆಯಲ್ಲಿ ವಿಚಾರಿಸಲಾದ 82,000ಕ್ಕೂ ಮಿಕ್ಕ ಕಬ್ಬುಕಾರ್ಮಿಕ ಸ್ತ್ರೀಯರಲ್ಲಿ 13,000ಕ್ಕೂ ಮಿಕ್ಕವರು ಗರ್ಭಕೋಶವನ್ನು ತೆಗೆಸಿಕೊಂಡಿದ್ದರು. ಕಾರಣಗಳು ಹಲವಾಗಿದ್ದವು. ಮುಟ್ಟಿನ ನೋವಿಗೆ ಬಿಡುವಿಲ್ಲ, ತಪ್ಪಿದ ದಿನಕ್ಕೆ ದಂಡವುಂಟು ಎಂಬುದು ಅವುಗಳಲ್ಲೊಂದೆಂದು ಆ ಸ್ತ್ರೀಯರಲ್ಲಿ ಅನೇಕರು ಹೇಳಿದರು.

ಮಾಧವಿಯ ಕಥೆಯನ್ನು ಪುರಾಣವೆಂದು ಓದಿ ಪುಸ್ತಕವನ್ನು ಮುಚ್ಚುವವರು ಈ ಅಂಕಿಗಳ ಮುಂದೆ ಒಂದು ಕ್ಷಣ ನಿಲ್ಲಬೇಕು. ಒಂದು ದಿನದ ಸೂಟಿಯನ್ನು ಕೇಳಲಾರದ ಕಡೆಯಲ್ಲಿ, ಸೂಟಿಯನ್ನು ಬೇಡುವ ಅಂಗವನ್ನೇ ದೇಹದಿಂದ ತೆಗೆದುಹಾಕಲಾಯಿತು. ಫೋನು ಹಿಡಿದು ಕೆಮ್ಮುವ ಮಾಸ್ತರರ ಅಂಜಿಕೆಯೂ ಗದ್ದೆಯ ಹೆಂಗಸಿನ ಅಂಜಿಕೆಯೂ ಒಂದೇ ಬೇರಿನವು. ಒಂದು ಕಡೆಗೆ ಕಾಯದೆಯು ನಡುವೆ ನಿಂತಿದೆ. ಇನ್ನೊಂದು ಕಡೆಗೆ ದೇಹವೊಂದೇ ಒತ್ತೆಯಾಗಿದೆ.

ವಿದ್ಯಾವಂತರ ಮನೆಗಳಲ್ಲಿ ರಜೆ ಬೇಡುವವರಷ್ಟೇ ಇರುವದಿಲ್ಲ, ರಜೆ ಕೊಡುವವರೂ ಇರುವರು. ಮುಸುರೆ ತಿಕ್ಕುವ ಹೆಣ್ಣುಮಗಳು ಒಂದು ಬೆಳಗು ಬರಲಿಲ್ಲವೆಂದರೆ, ಮಗುವಿನ ಕೈಯಲ್ಲಿ “ಅವ್ವಗ ಆರಾಮಿಲ್ಲರಿ” ಎಂದು ಹೇಳಿ ಕಳಿಸಿದಳೆಂದರೆ, ಆ ಮನೆಯ ಹೊಸ್ತಿಲೇ ಕಚೇರಿ, ಆ ಮನೆಯ ಯಜಮಾನಿಯೇ ಹೆಡ್ಮಾಸ್ತರರು. ನಿನ್ನೆ ಮೇಲಿನವರ ‘ಆಗಲಿ’ಗೆ ಭಾಷ್ಯ ಬರೆದವರ ಮನೆಯಿಂದ ಈ ಹೊತ್ತು ಆ ಮಗುವಿಗೆ ಯಾವ ಉತ್ತರವು ಹೋಗುವದು? “ಮೊನ್ನೆನೂ ಹಿಂಗ ಮಾಡಿದ್ಲು” ಎಂದೋ, “ಜ್ವರ ಭಾಳ ಅದಾವೇನು? ಗುಳಿಗೆ ತಗೊಂಡಾಳಿಲ್ಲೊ?” ಎಂದೋ? ಮಗುವು ಕೇಳಿದ್ದನ್ನು ಕೇಳಿದಂತೆಯೇ ಹೋಗಿ ತಾಯಿಗೆ ಹೇಳುವದು. ಆಕೆಯು ಹಾಸಿಗೆಯಲ್ಲಿ ಅದನ್ನೇ ಕಾಯುತ್ತಿರುವಳು.