ಸುರಂಗಗಳ ಲೆಕ್ಕ

ಚೆನ್ನೈಯಲ್ಲಿರುವ ನಮ್ಮ ಮನೆಯಲ್ಲಿ ಕನ್ನಡವೇನೋ ಉಂಟು. ಆದರೆ ಎಂಟು ವರ್ಷದ ಮಗಳ ಎಣಿಕೆ ಇಪ್ಪತ್ತಕ್ಕೇ ನಿಂತುಬಿಡುತ್ತಿತ್ತು. ಆಚೆಗೆ ಇಂಗ್ಲಿಷೇ ಗತಿ. ಪುತ್ತೂರಿನ ಅಜ್ಜಿ ಫೋನಿನಲ್ಲಿ, "ನನಗೆಷ್ಟು ವರ್ಷ ಹೇಳು ಪುಟ್ಟೀ" ಎಂದರೆ, "ಸೆವೆಂಟಿ ಎಯ್ಟ್" ಎಂದಳು. ಅಜ್ಜಿ ನಕ್ಕರು, ನಮಗೆ ನಗು ಬರಲಿಲ್ಲ.

೨೦೨೨ರ ದಸರೆಯ ರಜೆಯಲ್ಲಿ ಊರಿಗೆ ಹೊರಟಾಗ ಬೆಂಗಳೂರಿನಿಂದ ಹಗಲು ಗಾಡಿಯನ್ನೇ ಹಿಡಿದೆವು. ಹಾಸನ ದಾಟಿ ಸಕಲೇಶಪುರ ಬಂದಿತು. ಅಲ್ಲಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು ೫೫ ಕಿಲೋಮೀಟರು ಘಟ್ಟದ ದಾರಿ. ೫೭ ಸುರಂಗಗಳು, ನೂರಕ್ಕೂ ಮಿಕ್ಕಿದ ಸೇತುವೆಗಳು. ಐವತ್ತು ಅಡಿ ಸಾಗಿದರೆ ಒಂದಡಿ ಇಳಿಯುವ ಇಳಿಜಾರು. ಹಾಗಾಗಿ ಗಾಡಿ ತುಂಬುಗರ್ಭಿಣಿಯಂತೆ ಮೆಲ್ಲಮೆಲ್ಲನೆ ಇಳಿಯುತ್ತದೆ.

"ಸುರಂಗಗಳನ್ನು ಕನ್ನಡದಲ್ಲೇ ಎಣಿಸಬೇಕು. ಇಂಗ್ಲಿಷ್ ಬಂದರೆ ಕೋಡುಬಳೆ ಇಲ್ಲ" ಎಂದು ಕರಾರು ಮಾಡಿದೆವು. ಕತ್ತಲೆಯಾದಾಗಲೆಲ್ಲ ಮಕ್ಕಳ ಕೂಗು, ಬೆಳಕಾದಾಗ ಕಿಟಕಿಯಾಚೆ ಕಾಡು, ಕಣಿವೆ, ಬಿಳಿಯ ಝರಿ. ಇಪ್ಪತ್ತಾದ ಮೇಲೆ ಹುಡುಗಿ ತಡವರಿಸಿದಳು. ಎದುರು ಕುಳಿತ ಹೆಂಗಸರೊಬ್ಬರು, "ಇಪ್ಪತ್ತೊಂದು, ಮಗಾ" ಎಂದು ಎತ್ತಿಕೊಟ್ಟರು. ಮೂವತ್ತರ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಅವಳೊಡನೆ ಎಣಿಸುತ್ತಿದ್ದರು!

ಎಡಕುಮೇರಿಯಲ್ಲಿ ಗಾಡಿ ನಿಂತಿತು. ಸುತ್ತಲೂ ಕಾಡಲ್ಲದೆ ಮತ್ತೇನಿಲ್ಲ. "ಇದನ್ನೆಲ್ಲ ಯಾರು ಕೊರೆದರು?" ಎಂದಳು ಮಗಳು. ಕೊರೆದ ಕೂಲಿಕಾರರ ಹೆಸರು ನಮಗೆಲ್ಲಿ ಗೊತ್ತು? ಗೊತ್ತಿದ್ದಷ್ಟು ಹೇಳಿದೆವು. ಹಾಸನ ಮಂಗಳೂರು ದಾರಿ ಮೀಟರ್ ಗೇಜಿನಲ್ಲಿ ಪೂರ್ಣವಾದದ್ದು ೧೯೭೯ರಲ್ಲಿ. ಬ್ರಾಡ್ ಗೇಜಿಗೆ ಬದಲಿಸಲೆಂದು ೧೯೯೬ರಲ್ಲಿ ಪ್ರಯಾಣಿಕರ ಗಾಡಿ ನಿಂತಿತು. ಮತ್ತೆ ಓಡಿದ್ದು ೨೦೦೭ರ ಡಿಸೆಂಬರಿನಲ್ಲಿ. ಆ ಹನ್ನೊಂದು ವರ್ಷ ನಾವು ಶಿರಾಡಿ ಘಾಟಿಯ ಬಸ್ಸಿನಲ್ಲೇ ಊರು ಸೇರುತ್ತಿದ್ದೆವು. ಕಟ್ಟಿದ ಮೇಲೂ ನಿಶ್ಚಿಂತೆಯಿಲ್ಲ. ೨೦೧೮ರ ಮಳೆಗಾಲದಲ್ಲಿ ಗುಡ್ಡ ಜರಿದು ಗಾಡಿ ನಿಂತಿತ್ತು. ನಾವು ಹೋಗಿ ಬಂದ ಮೇಲೆ ೨೦೨೪ರಲ್ಲೂ ಹಾಗೇ ಆಯಿತು. ಪ್ರತಿ ಸಲವೂ ಮಣ್ಣು ತೆಗೆದು, ಹಳಿ ನೋಡಿ, ದಾರಿ ಬಿಡಿಸಬೇಕು. ಮನೆಯ ಮಾತನ್ನು ಉಳಿಸಿಕೊಳ್ಳುವುದೂ ಇಂಥದ್ದೇ ಕೆಲಸವಲ್ಲವೆ ಎಂದು ನಮಗೆ ಅನಿಸಿತು.

ಐವತ್ತೇಳಕ್ಕೆ ಸುರಂಗಗಳು ಮುಗಿದವು. ಹುಡುಗಿಯ ಎಣಿಕೆ ಮಾತ್ರ ನಿಲ್ಲಲಿಲ್ಲ. ತೆಂಗಿನ ಮರಗಳನ್ನು ಹಿಡಿದು ಎಪ್ಪತ್ತೆಂಟರವರೆಗೂ ಹೋದಳು.

ಪುತ್ತೂರಿನ ಮನೆಯ ಜಗಲಿ ಹತ್ತುತ್ತಲೇ, "ಅಜ್ಜೀ, ನಿಮಗೆ ಎಪ್ಪತ್ತೆಂಟು!" ಎಂದು ಕೂಗಿದಳು.

"ಅಲ್ಲ ಪುಟ್ಟೀ, ಮೊನ್ನೆಗೆ ಇನ್ನೊಂದು ಕೂಡಿತು" ಎಂದರು ಅಜ್ಜಿ.

ಮಗಳು ಅಂಗಳದ ತೆಂಗಿನ ಮರದತ್ತ ಒಮ್ಮೆ ನೋಡಿ, "ಎಪ್ಪತ್ತೊಂಬತ್ತು" ಎಂದಳು.