ಸಭಾಭವನದ ಬೀಗದಕೈ

ವಾಸ್ಕೋದಲ್ಲಿರುವ ನಮ್ಮ ಸಂಘದ ಸಭಾಭವನದ ಬೀಗದಕೈ ಹಲವು ವರ್ಷಗಳಿಂದ ನನ್ನ ಬಳಿಯಲ್ಲಿದೆ. ಸಂಬಳವಿಲ್ಲದ ಈ ಕಾವಲನ್ನು ನಾನಾಗಿಯೇ ಬಯಸಿ ಪಡೆದೆ. ಸಂಜೆ ಕುರ್ಚಿಗಳನ್ನು ಸರಿಸಿ, 5 ಅಡಿ ಎತ್ತರಕ್ಕೆ ಬಲೆ ಕಟ್ಟಿದರೆ ಅದೇ ನಮ್ಮ ಬ್ಯಾಡ್ಮಿಂಟನ್ ಅಂಕಣ. 44 ಅಡಿ ಉದ್ದ, 20 ಅಡಿ ಅಗಲದ ಗೆರೆಗಳನ್ನು ಎಳೆದವರೂ ನಾವೇ, ನೆಲ ಗುಡಿಸುವವರೂ ನಾವೇ. ಬಯಲಿನಲ್ಲಿ ಆಡೋಣವೆಂದರೆ ಬಂದರಿನ ಕಡಲಗಾಳಿಗೆ ಷಟಲ್‌ಕಾಕ್ ನೆರೆಮನೆಯ ಮಾಡು ಸೇರುತ್ತದೆ. ಮಳೆಗಾಲದ ಮಾತಂತೂ ಬೇಡ.

16 ಗರಿಗಳ ಆ ಕಾಕ್ ಬಹುಬೇಗ ಹರಿಯುತ್ತದೆ. ಅದರ ಖರ್ಚು ತೂಗುವುದು ಮದುವೆಗಳಿಂದ ಬರುವ ಬಾಡಿಗೆಯಲ್ಲಿ. ಆದರೆ ಮದುವೆಯಿದ್ದ ದಿನ ಆಟವಿಲ್ಲ. ಕಳೆದ ವೈಶಾಖದಲ್ಲಿ ಎಡೆಬಿಡದೆ ಲಗ್ನಗಳು. ಬಂದವರಿಗೆಲ್ಲ ಭವನ ಕೊಡೋಣವೆಂದು ಕೈಯೆತ್ತಿದವರಲ್ಲಿ ನಾನೂ ಒಬ್ಬ.

ಒಂದು ಸಂಜೆ ಪಕ್ಕದ ಮನೆಯ ಹುಡುಗಿ ರ‍್ಯಾಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಕಾಕಾ, ನಾಳೆನೂ ಮದುವಿ ಐತೇನ್ರಿ?” ಎಂದಳು. ಸಮಾಧಾನಕ್ಕೆಂದು ಪ್ರಕಾಶ ಪಡುಕೋಣೆಯವರ ಕಥೆ ಹೇಳಿದೆ. 1980ರಲ್ಲಿ ಇಂಡೋನೇಷ್ಯದ ಲಿಯಂ ಸ್ವೀ ಕಿಂಗ್ ಅವರನ್ನು ಮಣಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಅವರು, ಬಾಲ್ಯದಲ್ಲಿ ಆಟ ಕಲಿತದ್ದು ಬೆಂಗಳೂರಿನ ಕೆನರಾ ಯೂನಿಯನ್ನಿನ ಮದುವೆ ಭವನದಲ್ಲಿಯೇ. ಸಮಾರಂಭವಿಲ್ಲದ ದಿನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದರಂತೆ.

“ಮದುವಿ ಇದ್ದ ದಿನ ಏನ್ ಮಾಡ್ತಿದ್ರಂತ್ರಿ?”

ನನಗೆ ಉತ್ತರ ಹೊಳೆಯಲಿಲ್ಲ.

ಮುಂದಿನ ಸಭೆಯಲ್ಲಿ ವಾರಕ್ಕೆ 3 ಸಂಜೆಗಳನ್ನು ಆಟಕ್ಕೇ ಮೀಸಲಿಡಬೇಕೆಂದು ಬೇಡಿದೆ. ಬಿಸಿ ಮಾತುಗಳಾದವು. ದಕ್ಕಿದ್ದು ಎರಡು: ಮಂಗಳವಾರ, ಶನಿವಾರ. ಮುಹೂರ್ತಗಳು ಕಡಿಮೆಯಿರುವ ದಿನಗಳನ್ನೇ ಖಜಾಂಚಿಗಳು ಆರಿಸಿದ್ದರು! ಕಾಕ್‌ಗಳ ಖರ್ಚಿಗೆ ನಾವು ಕೆಲವರು ತಿಂಗಳ ವಂತಿಗೆಯನ್ನು ಹೆಚ್ಚಿಸಿಕೊಂಡಿದ್ದೇವೆ. ಮಂಗಳವಾರ ನಾನು ಬೀಗ ತೆರೆಯಲು ಹೋಗುವಷ್ಟರಲ್ಲಿ ಆ ಹುಡುಗಿ ಮೆಟ್ಟಿಲ ಮೇಲೆ ಕುಳಿತಿರುತ್ತಾಳೆ.