ನಡುವಿನ ಸ್ಪೀಕರ್

ವಡೋದರಾಕ್ಕೆ ಬಂದು ಒಂಬತ್ತು ವರ್ಷವಾದ ಮೇಲೆ, ಆಲ್ಕಾಪುರಿಯ ನಮ್ಮ ಬಾಡಿಗೆ ಫ್ಲಾಟಿಗೆ ಕೊನೆಗೂ 5.1 ಹೋಮ್ ಥಿಯೇಟರ್ ತಂದೆ. ಐದು ಸ್ಪೀಕರ್, ಒಂದು ಸಬ್‌ವೂಫರ್. ಶನಿವಾರವಿಡೀ ಟೇಪು ಹಿಡಿದು ಹಾಲ್ ಅಳೆದದ್ದೇ ಅಳೆದದ್ದು.

ಲೆಕ್ಕ ಸರಳ. ಸೋಫಾದಲ್ಲಿ ಕೂತವರ ತಲೆಯೇ ವೃತ್ತದ ಕೇಂದ್ರ. ನೇರ ಎದುರಿಗೆ, ಟಿವಿಯ ಕೆಳಗೆ ಸೆಂಟರ್ ಸ್ಪೀಕರ್. ಅದರ ಎಡಬಲಕ್ಕೆ 30 ಡಿಗ್ರಿಯಲ್ಲಿ ಮುಂದಿನ ಎರಡು, ಕಿವಿಯ ಎತ್ತರಕ್ಕೆ. ಸರೌಂಡ್ ಎರಡು 110 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ಕಿವಿಗಿಂತ ತುಸು ಹಿಂದೆ. ಸಬ್‌ವೂಫರ್ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ತೀರ ತಗ್ಗಿನ ಸದ್ದು ಯಾವ ಕಡೆಯಿಂದ ಬಂತೆಂದು ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ಮೂಲೆಗೆ ಒತ್ತಿದರೆ ಮಾತ್ರ ಗುಂಯ್‌ಗುಡುತ್ತದೆ.

ಸಾಗರದಿಂದ ಬಂದಿದ್ದ ಅಪ್ಪನನ್ನು ಆ ಕೇಂದ್ರದಲ್ಲೇ ಕೂರಿಸಿ, ಮಳೆ ಸುರಿಯುವ ದೃಶ್ಯವೊಂದನ್ನು ಹಾಕಿದೆ.

"ಹಿಂದಿನಿಂದಲೇ ಮಳೆ ಬಂದ ಹಾಗಾಯ್ತಲ್ಲ ಅಪ್ಪಾ?"

"ಮಳೆ ಇರ್ಲಿ ಮಾರಾಯ, ಅವರು ಎಂತ ಮಾತಾಡ್ತಿದಾರೆ?"

ಅಡುಗೆಮನೆಯಲ್ಲಿ ಅಮ್ಮ ಮೆಲ್ಲಗೆ ಹೇಳಿದಳು. ಅಪ್ಪನ ಬಲಗಿವಿ ಕೇಳದೆ ಎರಡು ವರ್ಷವಾಯಿತಂತೆ. "ದೂರದಲ್ಲಿದ್ದೀಯ, ನಿಂಗ್ಯಾಕೆ ತಲೆಬಿಸಿ ಅಂತ ಹೇಳ್ಲಿಲ್ಲ." ಪ್ರತಿ ಭಾನುವಾರ ಫೋನು ಮಾಡುತ್ತಿದ್ದೆ. ಅವರು ಎಡಗಿವಿಗೇ ಹಿಡಿಯುತ್ತಿದ್ದರು. ನನಗೆ ಗೊತ್ತಾಗಲೇ ಇಲ್ಲ.

ಸದ್ದಿನ ದಿಕ್ಕು ಸರಿಯಾಗಿ ತಿಳಿಯಲು ಎರಡೂ ಕಿವಿ ಬೇಕು. ಒಂದು ಕಿವಿಗೂ ಇನ್ನೊಂದಕ್ಕೂ ಸದ್ದು ತಲುಪುವ ಹೊತ್ತಿನಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರ. ಆ ಅಂತರ, ಜೊತೆಗೆ ಸದ್ದಿನ ಏರಿಳಿತ, ಇವುಗಳಿಂದಲೇ ಮಿದುಳು ದಿಕ್ಕನ್ನು ಊಹಿಸುತ್ತದೆ. ಒಂದೇ ಕಿವಿಯ ಅಪ್ಪನಿಗೆ ನನ್ನ ಮಳೆ ಬರೀ ಗದ್ದಲ.

ಸರೌಂಡ್ ತಗ್ಗಿಸಿ, ಸೆಂಟರನ್ನು 4 ಡೆಸಿಬೆಲ್ ಏರಿಸಿದೆ. ಸಂಭಾಷಣೆ ಬಹುಪಾಲು ಬರುವುದು ಅಲ್ಲಿಂದಲೇ. 'ಬಂಗಾರದ ಮನುಷ್ಯ' ಹಾಕು ಅಂದರು. 1972ರ ಚಿತ್ರ, ಎಡಬಲ ಎರಡರಲ್ಲೂ ಒಂದೇ ಧ್ವನಿ. ಅಂಥದ್ದನ್ನು ನಮ್ಮ ರಿಸೀವರ್‌ನ ಸರೌಂಡ್ ಮೋಡ್ ಸೆಂಟರ್‌ಗೇ ಕಳಿಸಿಬಿಡುತ್ತದೆ. ಉಳಿದ ನಾಲ್ಕು ಸ್ಪೀಕರ್ ಸುಮ್ಮನೆ ಕೂತವು. ಅಪ್ಪ ಮಾತ್ರ ಸುಮ್ಮನಿರಲಿಲ್ಲ. ರಾಜಕುಮಾರ್ ಬಾಯಿ ತೆರೆಯುವ ಮೊದಲೇ ತಾವೇ ಮಾತು ಹೇಳಿ ನಗುತ್ತಿದ್ದರು.

ಸೋಮವಾರ ರಜೆ ಹಾಕಿ ಕಿವಿಯ ಡಾಕ್ಟರ ಬಳಿ ಕರೆದೊಯ್ದೆ. ಆರ್.ಸಿ. ದತ್ ರಸ್ತೆಯ ಹಾರ್ನುಗಳ ನಡುವೆ ಏನೋ ಕೇಳಿದೆ, ಉತ್ತರ ಬರಲಿಲ್ಲ. ನಾನು ಕೂತದ್ದು ಅವರ ಬಲಕ್ಕೆ. ಸಿಗ್ನಲ್‌ನಲ್ಲಿ ಆಟೋ ನಿಂತಾಗ ಇಳಿದು, ಸುತ್ತಿ ಬಂದು ಎಡಕ್ಕೆ ಕೂತೆ.